ಹತ್ತು ನಿಮಿಷದ ರಿಪೋರ್ಟು

“ಒಂದು ವೆಬ್‌ಸೈಟು ಖರೇನೋ ಸುಳ್ಳೋ ಅಂತ ಹೆಂಗ ಕಂಡು ಹಿಡೀತಾರ್ರಿ?”

ಮಾಂತು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ದೀಪಾವಳಿ ಮುಗಿದ ವಾರ, ಪುಣೆಯ ಬಾಣೇರಿನ ನಮ್ಮ ಆಫೀಸಿನಲ್ಲಿ, ನನ್ನ ಮೇಜಿನ ಎದುರು ಕುರ್ಚಿಯ ತುದಿಯಲ್ಲಿ ಕೂತಿದ್ದ. ಜೇಬಿನಲ್ಲಿ ಪೆನ್ನಿನ ಪಕ್ಕ ಸಣ್ಣದೊಂದು ಸ್ಟೀಲ್ ಸ್ಕೇಲು. ಸ್ಕೇಲು ಇಟ್ಟುಕೊಂಡು ಓಡಾಡುವ ಗಂಡಸನ್ನು ಹೈಸ್ಕೂಲಿನ ಗಣಿತದ ಮಾಸ್ತರರ ನಂತರ ನಾನು ನೋಡಿಯೇ ಇರಲಿಲ್ಲ.

“ಯಾಕ್ರಿ, ಯಾರರೆ ಟೋಪಿ ಹಾಕಿದ್ರೇನು?” ಎಂದೆ.

“ಇಲ್ರಿ. ನಾನ ಟೋಪಿ ಹಾಕಾವ ಅಂತ ಯಾರೋ ಹೇಳ್ಯಾರ.”

ನನಗೆ ನಗು ಬಂತು. ಅವನೂ ನಗಲು ನೋಡಿ ಅರ್ಧಕ್ಕೇ ಬಿಟ್ಟ.

“ತುಝ್ಯಾ ಗಾವಾಕಡಚಾ ಮಾಣೂಸ್ ಆಲಾಯ್, ತೂಚ್ ಬೋಲ್” ಎಂದು, ನಿಮ್ಮ ಊರ ಕಡೆಯವನು ನೀನೇ ಮಾತಾಡು ಎಂದು ಮರಾಠಿಯಲ್ಲಿ ಹೇಳಿ, ಅವನನ್ನು ನನ್ನ ಹತ್ತಿರ ಕಳಿಸಿದ್ದು ನಮ್ಮ ಬಾಸ್ ಸ್ವಪ್ನಿಲ್. ಕನ್ನಡ ಮಾತಾಡುವವರೆಲ್ಲ ಸ್ವಪ್ನಿಲ್ ಪಾಲಿಗೆ ಒಂದೇ ಊರಿನವರು. ನಮ್ಮದು ನಕಲಿ ವೆಬ್‌ಸೈಟು ಹಿಡಿಯುವ ಕೆಲಸ. ಬ್ಯಾಂಕಿನ ಹೆಸರಿನಲ್ಲಿ, ಕೊರಿಯರ್ ಕಂಪನಿಯ ಹೆಸರಿನಲ್ಲಿ ದಿನಕ್ಕೆ ನೂರು ಸುಳ್ಳು ತಾಣಗಳು ಹುಟ್ಟುತ್ತವೆ. ಅವು ಯಾವತ್ತು ಹುಟ್ಟಿದವು, ಯಾರ ಹೆಸರಲ್ಲಿ ನೋಂದಣಿಯಾಗಿವೆ, ಯಾವ ಸರ್ವರಿನಲ್ಲಿ ಕೂತಿವೆ ಎಂದು ಹುಡುಕಿ ತೆಗೆಯುವುದು ನನ್ನ ನೌಕರಿ. ಅದಕ್ಕೆ ಬೇಕಾದ ಟೂಲ್‌ಗಳೆಲ್ಲ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಹೆಸರು ಹಾಕಿ ಎಂಟರ್ ಒತ್ತಿದರೆ ಜಾತಕ ಬಂದು ಬೀಳುತ್ತದೆ.

“ವೆಬ್‌ಸೈಟಿನ ಹೆಸರು ಹೇಳ್ರಿ.”

“ಘಟಪ್ರಭಾ ಗೇಜಸ್.”

ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಆ ಹೆಸರನ್ನು ಶ್ರಾವಣದಲ್ಲಿ ನಾನೇ ಒಮ್ಮೆ ಟೈಪ್ ಮಾಡಿದ್ದೆ.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಚೌಕಶಿ ಮಾಡುತ್ತಾರೆ. ಹುಡುಗನ ಊರಿಗೆ ಹೋಗಿ ಚಹಾದಂಗಡಿಯವನನ್ನು, ಹಾಲು ಹಾಕುವವನನ್ನು, ಎದುರು ಮನೆಯ ಮುದುಕಿಯನ್ನು ಮಾತಿಗೆಳೆದು, ಹುಡುಗ ಎಂಥವನು ಎಂದು ತಿಳಿದುಕೊಂಡು ಬರುತ್ತಾರೆ. ಪುಣೆಯಲ್ಲಿ ಯಾರನ್ನು ಕೇಳುವುದು? ಪಕ್ಕದ ಫ್ಲ್ಯಾಟಿನವನಿಗೇ ಹೆಸರು ಗೊತ್ತಿರುವುದಿಲ್ಲ. ಹಾಗಾಗಿ ನಾನಿರುವ ನಿಗಡಿಯ ನಮ್ಮ ಜನ ನನ್ನ ಹತ್ತಿರ ಬರತೊಡಗಿದರು. ಹುಡುಗನ ಕಂಪನಿಯ ವೆಬ್‌ಸೈಟಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, “ಶೈಲಾ, ಸ್ವಲ್ಪ ನೋಡವಾ” ಎನ್ನುತ್ತಿದ್ದರು. ಏಳೆಂಟು ಮನೆಗೆ ನೋಡಿಕೊಟ್ಟೆ. ಇಬ್ಬರು ಕಳ್ಳರನ್ನು ಹಿಡಿದೆ. ಅಲ್ಲಿಗೆ ನನಗೂ ಸೊಕ್ಕು ಬಂತು.

ಶ್ರಾವಣದ ಒಂದು ಸೋಮವಾರ ಎದುರು ಬಿಲ್ಡಿಂಗಿನ ಶಿವರುದ್ರಪ್ಪ ಕಾಕಾ ಮನೆಗೆ ಹೋಗಿದ್ದೆ. ಪಿಂಪರಿಯಲ್ಲಿ ಅವರದು ಕಾಳಿನ ಹೋಲ್‌ಸೇಲ್ ಅಂಗಡಿ. ಮಗಳು ಆರತಿಗೆ ತಳೇಗಾಂವದ ಒಂದು ಸಂಬಂಧ ಹೆಚ್ಚುಕಡಿಮೆ ಕೂಡಿಬಂದಿತ್ತು. ಒಂದು ಕೈಯಲ್ಲಿ ಮಂಡಕ್ಕಿ ಸೂಸಲದ ಪ್ಲೇಟು, ಇನ್ನೊಂದು ಕೈಯಲ್ಲಿ ಫೋನು. ಹುಡುಗನ ಕಂಪನಿಯ ಹೆಸರು ಹಾಕಿದೆ. ನೋಂದಣಿಯಾಗಿ ಬರೀ ನಾಲ್ಕು ತಿಂಗಳಾಗಿತ್ತು. ತಾಣದ ಮೇಲೆ ನೋಡಿದರೆ ‘೨೦೦೮ರಿಂದ ನಿಮ್ಮ ಸೇವೆಯಲ್ಲಿ’ ಎಂದು ಬರೆದುಕೊಂಡಿದ್ದರು. ಮಾಲೀಕರ ಹೆಸರು ಮುಚ್ಚಿತ್ತು. ಅದೇ ಸರ್ವರಿನಲ್ಲಿ ಇನ್ಯಾವ ತಾಣಗಳಿವೆ ಎಂದು ನೋಡಿದೆ. ಎರಡು ಲಾಟರಿ ಸೈಟು ಕಂಡವು.

“ಕಾಕಾ, ಇದು ಡೌಟ್ ಅದ ರೀ. ಬೋಗಸ್ ಇದ್ರೂ ಇರಬಹುದು” ಎಂದೆ. ಎಂದು, ಸೂಸಲಕ್ಕೆ ಇನ್ನಷ್ಟು ಪುಟಾಣಿ ಪುಡಿ ಹಾಕಿಸಿಕೊಂಡೆ.

ಒಂದು ವಾರದಲ್ಲಿ ಆ ಸಂಬಂಧ ಮುರಿಯಿತು. ಮುರಿಸಿಕೊಂಡ ಹುಡುಗನೇ ಈಗ ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತಿದ್ದ.

“ನಮ್ಮಪ್ಪ ಭೀಮಣ್ಣ ಅಂತ್ರಿ. ಗೋಕಾಕ ಕಡೆಯಾಂವ. ತಳೇಗಾಂವ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾದಾಗ ಗೇಜು, ಮೈಕ್ರೋಮೀಟರು ಸರಿ ಅಳೀತಾವೋ ಇಲ್ಲೋ ಅಂತ ತಪಾಸ ಮಾಡಿ ಸರ್ಟಿಫಿಕೇಟ್ ಕೊಡೂ ಲ್ಯಾಬ್ ಹಾಕಿದ್ದ. ತೀರಿಕೊಂಡು ಎರಡ ವರ್ಷ ಆತು. ವೆಬ್‌ಸೈಟ್ ರಿನ್ಯೂ ಮಾಡ್ರಿ ಅಂತ ಬಂದ ಮೇಲ್ ಎಲ್ಲಾ ಅಪ್ಪನ ಅಕೌಂಟಿಗೆ ಹೋಗ್ಯಾವ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹೆಸರು ಹೋಗಿಬಿಡ್ತು. ಆಮ್ಯಾಲೆ ಈ ಏಪ್ರಿಲ್‌ದಾಗ ನಾ ಮತ್ತ ಅದ ಹೆಸರು ತಗೊಂಡೆ. ಅಷ್ಟ ರೀ ನನ್ನ ತಪ್ಪು.”

“ಸರ್ವರ್ ಮ್ಯಾಲೆ ಬ್ಯಾರೆ ಸೈಟೂ ಇದ್ವಲ್ಲ...” ಎಂದು ನಾಲಿಗೆ ಕಚ್ಚಿಕೊಂಡೆ. ಅವನಿನ್ನೂ ಆ ಮಾತು ಹೇಳಿಯೇ ಇರಲಿಲ್ಲ. “...ಇರ್ತಾವು ಅಂತ, ಸಾಮಾನ್ಯ” ಎಂದು ಸೇರಿಸಿದೆ.

“ಹಾಂ, ಅದನ್ನೂ ಹೇಳ್ಯಾರಂತ. ಅಗ್ಗದ ಹೋಸ್ಟಿಂಗು ರೀ, ಐದುನೂರ ಮಂದಿ ಒಂದರಾಗ ಇರ್ತೀವಿ. ಒಂದ ಚಾಳಿನಾಗ ಇದ್ದವರೆಲ್ಲಾ ಒಂದ ಮನಿಯವರೇನ್ರಿ?”

ಅಲ್ಲ. ಅದು ಈ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕಲಿಸುವ ಪಾಠ. ಹೊಸಬರಿಗೆ ಅದನ್ನು ಕಲಿಸುವವಳೂ ನಾನೇ.

“ತಳೇಗಾಂವಕ್ಕ ಬಂದು ಲ್ಯಾಬ್ ನೋಡ್ರಿ ಅಂತ ಹೆಣ್ಣಿನ ಮನಿಗೆ ಹೇಳಿ ಕಳಿಸಿದ್ದೆ. ಬಾಡಿಗಿ ಶೆಡ್ ಯಾರರೆ ತೋರಸ್ತಾರ ಅಂದ್ರಂತ. ಆರತಿ ಫೋನ್ ಎತ್ತೂದು ಬಿಟ್ಟಾಳ. ಎರಡ ತಿಂಗಳು ದಿನಾ ಮಾತಾಡಿದ್ವಿ ರೀ.” ಅವನು ಜೇಬಿನ ಸ್ಕೇಲು ತೆಗೆದು ಮತ್ತೆ ಒಳಗಿಟ್ಟ. “ನಂಗ ಒಂದು ಕಾಗದ ಬೇಕು. ಇದು ಹಳೇ ಕಂಪನಿ, ಖರೇ ಕಂಪನಿ ಅಂತ ತಿಳಿದವರು ಬರದು ಕೊಟ್ಟ ಕಾಗದ. ಅದನ್ನ ಹಿಡಕೊಂಡು ಅವರ ಮನಿಗೆ ಹೋಗ್ತೀನಿ.”

ಯಾರು ಹೇಳಿದ್ದೆಂದು ಗೊತ್ತಾ ಎಂದು ಕೇಳಿದೆ.

“ಯಾರೋ ಕಂಪ್ಯೂಟರ್ ಬಲ್ಲ ಹುಡುಗಿ ಅಂತ. ಸಿಕ್ರ ಒಂದ ಮಾತು ಕೇಳಾಂವ ಇದ್ದೀನಿ.”

“ಏನಂತ?”

“ನಂಗ ಒಂದ್ ಫೋನ್ ಯಾಕ ಮಾಡಲಿಲ್ಲವಾ ತಂಗಿ, ಅಂತ.”

ಅವನು ಹೋದ ಮೇಲೆ ಕೂತು ಹುಡುಕಿದೆ. ಹಳೆಯ ಪುಟಗಳ ನಕಲು ಕಾಪಾಡಿ ಇಡುವ ತಾಣವೊಂದಿದೆ. ಅದರಲ್ಲಿ ೨೦೦೮ರ ಘಟಪ್ರಭಾ ಗೇಜಸ್ ಹಾಗೇ ಇತ್ತು. ಮಸುಕು ಫೋಟೋದಲ್ಲಿ ಲ್ಯಾಬಿನ ಬಾಗಿಲಿಗೆ ಮಾವಿನ ತೋರಣ, ಪಕ್ಕದಲ್ಲಿ ಕೈಕಟ್ಟಿ ನಿಂತ ಭೀಮಣ್ಣ, ಅವರ ಭುಜದ ಎತ್ತರಕ್ಕೆ ಒಬ್ಬ ಹುಡುಗ. ಹಳೆಯ ನೋಂದಣಿಯ ದಾಖಲೆ ಸಿಕ್ಕಿತು. ಸರ್ವರು ಬದಲಾದ ತಾರೀಖುಗಳು ಸಿಕ್ಕವು. ಎಲ್ಲ ಜೋಡಿಸಿ ರಿಪೋರ್ಟು ಮಾಡಿ ಮುಗಿಸಲು ಹತ್ತು ನಿಮಿಷ ಸಾಕಾಯಿತು. ಶ್ರಾವಣದಲ್ಲಿ ಆ ಹತ್ತು ನಿಮಿಷವನ್ನು ನಾನು ಸೂಸಲ ತಿನ್ನಲು ಬಳಸಿದ್ದೆ.

ಕಳಿಸಲಿಲ್ಲ. ಕಳಿಸಿದರೆ ಅವನು ನೇರ ಶಿವರುದ್ರಪ್ಪ ಕಾಕಾ ಮನೆಗೆ ಹೋಗುತ್ತಾನೆ. ಕಾಕಾ ನನ್ನ ಹೆಸರು ಹೇಳುತ್ತಾರೆ. ಇಡೀ ನಿಗಡಿಗೆ ಗೊತ್ತಾಗುತ್ತದೆ. ಸೋಮವಾರ ಕೊಟ್ಟರಾಯಿತು, ಮೊದಲು ಕಾಕಾಗೆ ನಾನೇ ಹೇಳುತ್ತೇನೆ ಎಂದುಕೊಂಡೆ. “ಹಳೇ ರೆಕಾರ್ಡು ತರಸಬೇಕ್ರಿ, ಟೈಮ್ ಹಿಡೀತದ” ಎಂದು ಅವನಿಗೆ ಮೆಸೇಜ್ ಹಾಕಿದೆ.

“ಅವಸರ ಇಲ್ರಿ, ಸರಿ ಆಗಲಿ ಅಷ್ಟ” ಎಂದು ಉತ್ತರ ಬಂತು.

ಆ ಸೋಮವಾರ ಬರಲೇ ಇಲ್ಲ.

ರಿಪೋರ್ಟು ಎಲ್ಲಿಗೆ ಬಂತೆಂದು ಕೇಳಲು ಅವನು ಶನಿವಾರ ಶನಿವಾರ ನಿಗಡಿಗೆ ಬರತೊಡಗಿದ. ಚೌಕದ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಮೊದಲ ಶನಿವಾರ ಮುಕ್ಕಾಲು ಪಾಲು ಆರತಿಯ ಮಾತು. ಎರಡನೆಯ ಶನಿವಾರ ಅರ್ಧ. ನಾಲ್ಕನೆಯ ಶನಿವಾರ ಅವಳ ಹೆಸರು ಬರಲಿಲ್ಲ, ರಿಪೋರ್ಟಿನ ಮಾತೂ ಬರಲಿಲ್ಲ. ನಾನು ಎಣಿಸುತ್ತಿದ್ದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ನಾನು ಕಲಿಸಿದ್ದನ್ನು ಅವನು ಊರ ಮೇಲೆಲ್ಲ ಪ್ರಯೋಗ ಮಾಡುತ್ತಿದ್ದ.

“ಈ ಹೋಟೆಲಿನ ಸೈಟು ೨೦೧೯ರದು ರೀ. ಬೋರ್ಡ್ ಮ್ಯಾಲೆ ನೋಡಿದ್ರ ‘ಐವತ್ತು ವರ್ಷದ ಪರಂಪರೆ’ ಅಂತ ಬರಕೊಂಡಾರ.”

“ಅವರ ಅಜ್ಜ ಗಾಡಿ ಮ್ಯಾಲೆ ಚಹಾ ಮಾರ್ತಿದ್ದ. ಗಾಡಿಗೆ ಯಾರು ವೆಬ್‌ಸೈಟ್ ಮಾಡ್ತಾರ್ರಿ?”

“ನೋಡ್ರಿ, ಅವರಿಗೆ ಹಂಗಂತೀರಿ. ನಮಗ ಮಾತ್ರ ಬೋಗಸ್ ಅಂದ್ರು” ಎಂದು ನಕ್ಕ. ಆಮೇಲೆ ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡಿದ. “ನಿಮ್ಮ ಹೆಸರೂ ಹಾಕಿ ಹುಡುಕಿದೆ.”

“ಏನ್ ಸಿಕ್ತು?”

“ಏನೂ ಸಿಗಲಿಲ್ಲ. ಎಲ್ಲಾ ಮುಚ್ಚಿಟ್ಟೀರಿ.”

“ಮಾಹಿತಿ ಬೇಕಂದ್ರ ಮಾಲೀಕರಿಗೇ ಅರ್ಜಿ ಹಾಕಬೇಕು.”

“ಹಾಕಿದ್ರ ಎಷ್ಟ ದಿವಸದಾಗ ಉತ್ತರ ಬರ್ತದ?”

ನನ್ನ ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು, ಅದನ್ನು ಚಮಚದಿಂದ ತೆಗೆಯುವುದರಲ್ಲಿ ಮುಖ ತಗ್ಗಿಸಿದೆ. ಮೂವತ್ತೊಂದು ವರ್ಷದವಳು ನಾನು. ಊರಿನ ವರಗಳನ್ನೆಲ್ಲ ಜರಡಿ ಹಿಡಿದು ನೋಡಿದವಳಿಗೆ ತನ್ನನ್ನು ಹೀಗೆ ಒಬ್ಬ ನೋಡಿದರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಸಂಕ್ರಾಂತಿಗೆ ಮುಂಚೆ ಲ್ಯಾಬ್ ತೋರಿಸಲು ಕರೆದುಕೊಂಡು ಹೋದ. ಹೊರಗೆ ಪತ್ರಾಸ್ ತಗಡಿನ ಶೆಡ್ಡು. ಒಳಗೆ ಗಾಜಿನ ಬಾಗಿಲಿನ ತಣ್ಣನೆಯ ಕೋಣೆ. ಬಿಳಿ ಬಟ್ಟೆಯ ಮೇಲೆ ಕಾರ್ಖಾನೆಗಳಿಂದ ಬಂದ ಅಳತೆಯ ಉಪಕರಣಗಳನ್ನು ಸಾಲಾಗಿ ಮಲಗಿಸಿಟ್ಟಿದ್ದರು.

“ಇವಕ್ಕ ಏನಾಗ್ಯದ?” ಎಂದೆ.

“ಏನೂ ಆಗಿಲ್ಲ, ಸುಮ್ನ ಕೂತಾವ. ಇಲ್ಲಿ ಯಾವಾಗ್ಲೂ ಇಪ್ಪತ್ತು ಡಿಗ್ರಿ. ಹೊರಗಿನ ಬಿಸಿಲಾಗಿಂದ ಬಂದದ್ದನ್ನ ಬಂದ ಕೂಡ್ಲೆ ಅಳೀಬಾರದ್ರಿ, ತಪ್ಪು ತೋರಸ್ತದ. ಒಂದ ದಿನ ಈ ರೂಮಿನಾಗ ಬಿಟ್ಟು ಆಮ್ಯಾಲೆ ನೋಡಬೇಕು. ಅಪ್ಪ ಹೇಳ್ತಿದ್ದ, ಅವಸರ ಇದ್ದಾವ ಈ ಧಂದೆಕ್ಕ ಬರಬಾರದು ಅಂತ.”

ಯಾವ ಉದ್ದೇಶವೂ ಇಲ್ಲದೆ ಹೇಳಿದ ಮಾತು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಆಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವನು ಒಂದು ಮೈಕ್ರೋಮೀಟರನ್ನು ನನ್ನ ಅಂಗೈಯಲ್ಲಿಟ್ಟು, ಹಿಡಿಯುವುದು ಹೇಗೆಂದು ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸುತ್ತಿದ್ದ. ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ಬಾಯಿ ಮುಚ್ಚಿಕೊಂಡೆ.

ಅಲ್ಲಿಯ ತನಕ ನಾನು ಸುಮ್ಮನಿದ್ದದ್ದು ಮರ್ಯಾದೆಗೆ ಅಂಜಿ. ಅಂದಿನಿಂದ ಸುಮ್ಮನಿದ್ದದ್ದು ಅವನಿಗಾಗಿ. ರಿಪೋರ್ಟು ಕೈಗೆ ಸಿಕ್ಕರೆ ಅವನು ಆರತಿಯ ಮನೆ ಬಾಗಿಲಿಗೆ ಹೋಗುತ್ತಾನೆ, ನನ್ನ ಶನಿವಾರಗಳು ಮುಗಿಯುತ್ತವೆ. ಅಷ್ಟು ಸರಳವಾಗಿತ್ತು ನನ್ನ ಕಳ್ಳತನ.

ಮಾಘ ಮಾಸದಲ್ಲಿ ಆರತಿಯ ಮದುವೆ ಗೊತ್ತಾಯಿತು. ಹುಡುಗ ಸೋಲಾಪುರದವನು. “ಇವಂದೂ ನೋಡವಾ” ಎಂದು ಕಾಕಾ ಮತ್ತೆ ಚೀಟಿ ಕೊಟ್ಟರು. ಈ ಸಲ ಎರಡು ದಿನ ಕೂತು ನೋಡಿದೆ. ಎಲ್ಲ ಸರಿ ಇತ್ತು. “ಚಲೋ ಅದ ಕಾಕಾ” ಎಂದು ಹೇಳುವಾಗ ನನ್ನ ಎದೆ ಹಗುರವಾಯಿತು. ಯಾಕೆ ಹಗುರವಾಯಿತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮದುವೆಗೆ ಮುಂಚೆ ಬಳೆ ಇಡಿಸುವ ದಿನ ಮಧ್ಯಾಹ್ನ ಅವರ ಮನೆ ತುಂಬ ಹೆಂಗಸರು. ನಡುಮನೆಯಲ್ಲಿ ಬಳೆಗಾರ್ತಿ ಹಸಿರು ಬಳೆಯ ಮಲಾರ ಬಿಚ್ಚಿ ಕೂತಿದ್ದಳು. ಆರತಿಯ ಬಲಗೈ ತುಂಬಿತ್ತು. ಎಡಗೈ ಶುರುವಾಗುವ ಮುಂಚೆ ನೀರು ಕುಡಿದು ಬರುತ್ತೇನೆಂದು ಎದ್ದು, ನನ್ನನ್ನು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಕರೆದುಕೊಂಡು ಹೋದಳು. ಇಪ್ಪತ್ತಾರರ ಹುಡುಗಿ, ಅರಿಶಿನದ ಕೆನ್ನೆ, ನಿದ್ದೆಯಿಲ್ಲದ ಕಣ್ಣು.

“ಶೈಲಕ್ಕಾ, ಒಂದ್ ಮಾತು ಕೇಳ್ಲಿ? ಆ ತಳೇಗಾಂವದವರದು ನೀವು ಸರಿಯಾಗಿ ನೋಡಿದ್ರಿ ಅಲಾ? ಖರೇನ ಸುಳ್ಳ ಕಂಪನಿ ಇತ್ತಾ?”

“ಈಗ್ಯಾಕ ಅದೆಲ್ಲಾ?”

“ಅವರು ದಿನಾ ಸಂಜಿಗೆ ಫೋನ್ ಮಾಡಿ, ಇವತ್ತ ಯಾವ ಮಶೀನ್ ತಪ್ಪು ತೋರಿಸ್ತು ಅಂತ ಹೇಳ್ತಿದ್ರು. ಹತ್ತು ಮೈಕ್ರಾನ್ ತಪ್ಪದ, ಐದು ಮೈಕ್ರಾನ್ ತಪ್ಪದ ಅಂತ. ಅಷ್ಟಷ್ಟು ಸಣ್ಣ ಸುಳ್ಳು ಯಾರರೆ ಹುಟ್ಟಿಸಿ ಹೇಳ್ತಾರೇನಕ್ಕಾ?” ಅವಳು ನನ್ನ ಮುಂಗೈ ಹಿಡಿದಳು. “ಇನ್ನೊಂದ್ ಸಲ ನೋಡ್ರಿ. ಈಗ, ಇಲ್ಲೇ. ಸುಳ್ಳಲ್ಲ ಅಂದ್ರ ನಾ ಅಪ್ಪಾಗ ಇವತ್ತ ಹೇಳ್ತೀನಿ. ಇನ್ನೂ ಒಂದ ಕೈ ಆಗ್ಯದ, ತೆಗೀಲಿಕ್ಕೆ ಬರ್ತದ.”

ನಾನು ಫೋನ್ ತೆಗೆದೆ. ಪರದೆಯ ಮೇಲೆ ಮಾಂತುವಿನ ಮೆಸೇಜ್ ಇತ್ತು: ‘ನಾಳೆ ಶನಿವಾರ, ನೆನಪದ ಅಲಾ?’ ಅದನ್ನು ಸರಿಸಿ, ಏನೋ ಹುಡುಕುವವಳ ಹಾಗೆ ಬೆರಳಾಡಿಸಿದೆ. ಒಳಗಿನಿಂದ ಯಾರೋ “ಆರತಿ, ಬಾರವಾ” ಎಂದು ಕೂಗಿದರು. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಹೌದು ಆರತಿ,” ಎಂದೆ. “ಸುಳ್ಳ ಇತ್ತು.”

ಅವಳು ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಎಡಗೈ ಚಾಚಿದಳು.

ಶ್ರಾವಣದಲ್ಲಿ ಆದದ್ದು ತಪ್ಪು. ತಪ್ಪು ಯಾರಿಗಾದರೂ ಆಗುತ್ತದೆ. ಆ ಬಾಲ್ಕನಿಯಲ್ಲಿ ಮಾಡಿದ್ದಕ್ಕೆ ನಾನು ಏನು ಹೆಸರಿಟ್ಟುಕೊಂಡರೂ ಅದು ಸಾಲುವುದಿಲ್ಲ.

ಮದುವೆಯಾಗಿ ಹದಿನೈದು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಮಾಂತು ನನ್ನನ್ನು ದುರ್ಗಾ ಟೇಕಡಿಗೆ ಕರೆದ. ಗುಡ್ಡದ ಮೇಲೆ ವಾಕಿಂಗ್ ಬಂದ ಮುದುಕರು ಜೋರಾಗಿ ನಗುವ ವ್ಯಾಯಾಮ ಮಾಡುತ್ತಿದ್ದರು. ಅವರ ನಗು ನಿಲ್ಲುವ ತನಕ ಕಾದ.

“ಆರತಿದು ಲಗ್ನ ಆತಂತ.”

“ಗೊತ್ತು.”

“ಚಲೋ ಇರಲಿ. ಇನ್ನ ಆ ರಿಪೋರ್ಟು ಬ್ಯಾಡ.”

“ಭಾಳ ತಡಾ ಆತು, ನನ್ನಿಂದ...”

“ತಡಾ ಆಗಿದ್ದು ಚಲೋ ಆತು ಅಂತ ನಾ ಮನಸಿನಾಗ ಅಂದುಕೊಂಡಿದ್ದೂ ಅದ. ಯಾರಿಗೂ ಹೇಳಬ್ಯಾಡ.” ‘ಹೇಳಬ್ಯಾಡ್ರಿ’ ಎನ್ನಲಿಲ್ಲ. ಅದು ಅವನಿಗೂ ಗೊತ್ತಾಗಿ ಕಿವಿಯ ತುದಿ ಕೆಂಪಾಯಿತು. “ಶೈಲಾ, ನಾ ಅರ್ಜಿ ಹಾಕಿ ನಾಕು ತಿಂಗಳಾತು. ಮಾಲೀಕರು ಏನಂತಾರ?”

ಆ ಮಾತು ಕೇಳಲು ನಾನು ಒಂದು ಹುಡುಗಿಯ ಕೈಗೆ ಬಳೆ ಇಡಿಸಿ ಕಳಿಸಿದ್ದೆ. ಅದು ಬಂದಾಗ ಸಂತೋಷದಿಂದ ಕುಣಿಯಬೇಕಿತ್ತು. ಅಳು ಬಂತು. ಸಂತೋಷಕ್ಕೆ ಅಳುತ್ತಿದ್ದೇನೆಂದು ಅವನು ತಿಳಿದ, ನಾನು ತಿದ್ದಲಿಲ್ಲ. “ಮಂಜೂರು” ಎಂದೆ. ಅವನು ಕರವಸ್ತ್ರ ಕೊಟ್ಟ. ಅದರಲ್ಲಿ ಮಶೀನಿನ ಎಣ್ಣೆಯ ವಾಸನೆಯಿತ್ತು. ಹತ್ತು ಹೆಜ್ಜೆ ದೂರದಲ್ಲಿ ಮುದುಕರು ಮತ್ತೆ ನಗತೊಡಗಿದರು, ನಾವಿಬ್ಬರೂ ನಕ್ಕೆವು. ನನ್ನ ಬದುಕಿನಲ್ಲಿ ಅಷ್ಟು ಸುಖದ ಬೆಳಗು ಇನ್ನೊಂದಿಲ್ಲ.

ಏಪ್ರಿಲ್ ಮೊದಲ ವಾರ ಅವನ ತಾಯಿಯನ್ನು ನೋಡಲು ತಳೇಗಾಂವಕ್ಕೆ ಹೋದೆ. ಕಾಶವ್ವ ಸಣ್ಣ ದೇಹದ ಹೆಂಗಸು, ಹಣೆಯಲ್ಲಿ ವಿಭೂತಿ. ನನ್ನನ್ನು ಅಡುಗೆಮನೆಯಲ್ಲೇ ಮಣೆ ಹಾಕಿ ಕೂರಿಸಿ, ರೊಟ್ಟಿ ಬಡಿಯುತ್ತ ಮಾತಾಡಿದರು. ಮಾಂತು ಹೊರಗೆ ಮೊಸರು ತರಲು ಹೋಗಿದ್ದ.

“ನೀ ಬಂದಿ, ಮನಿ ಬೆಳಕಾತು ನೋಡು. ಹ್ವಾದ ವರ್ಷ ಭಾಳ ಕೆಟ್ಟದಿತ್ತವಾ. ಸೋಮವಾರ ಭಜನಿಗೆ ಹೋಗ್ತಿದ್ದೆ, ಅದನ್ನೂ ಬಿಟ್ಟೆ. ‘ನಿಮ್ಮ ಮಗನ ಕಂಪನಿ ಸುಳ್ಳಂತಲ್ಲ’ ಅಂತ ಮಂದಿ ಮುಂದನ ಕೇಳೋರು. ಇವರಪ್ಪ ಹದಿನೈದು ವರ್ಷ ಕೂತು ಮಾಡಿದ್ದು.” ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದರು. “ಆ ಹುಡುಗಿ ಒಮ್ಮೆ ನಂಗ ಫೋನ್ ಮಾಡಿದ್ಲು. ಮಾಂತೂಗ ಹೇಳಿಲ್ಲ, ನಿನ್ನ ಮುಂದ ಹೇಳ್ತೀನಿ. ಬಳಿ ಇಡಿಸೂ ದಿನ ಸಂಜಿಗೆ. ‘ಅತ್ತೀ, ನಾ ಇವತ್ತೂ ಮತ್ತೊಮ್ಮೆ ಕೇಳಿ ನೋಡಿದೆ, ಸುಳ್ಳ ಅಂತನ ಹೇಳಿದ್ರು. ನನ್ನ ತಪ್ಪಿಲ್ಲತ್ತೀ’ ಅಂತ ಅತ್ತಳು. ಹೇಳಿದವರು ಮೊದಲಿಗೆ ತಿಳೀಲಾರದ ಹೇಳಿರಬೇಕು ಅಂದ್ಕೊಂಡಿದ್ದೆ. ಎರಡನೇ ಸಲ ಯಾಕ ಹೇಳಿದ್ರೋ. ಅವರಿಗೆ ಏನ್ ಸಿಕ್ತೋ.”

ಅವರು ನನ್ನನ್ನು ಕೇಳಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ಹೇಳಿದ ಮಾತು ಅದು. ಸುಮ್ಮನಿದ್ದಿದ್ದರೆ ಆ ಊಟ ನಡೆಯುತ್ತಿತ್ತು, ಮದುವೆಯೂ ನಡೆಯುತ್ತಿತ್ತು. ಕಾಕಾ ಹತ್ತಿರ ಕೈಮುಗಿದು ಹೇಗೋ ಬಾಯಿ ಮುಚ್ಚಿಸಬಹುದಿತ್ತು. ಇದನ್ನೆಲ್ಲ ನಾನು ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ಆದರೆ ಆ ಹೆಂಗಸು ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ಉಬ್ಬಿದ್ದನ್ನು ಬೆರಳಿನಿಂದ ಮುರಿದು, ತುಪ್ಪ ಬಿಟ್ಟರು.

“ನಾನ ಅತ್ತಿ,” ಎಂದೆ. “ಎರಡೂ ಸಲ ಹೇಳಿದಾಕಿ ನಾನ.”

ಕಾಶವ್ವನ ಕೈ ತುಪ್ಪದ ಬಟ್ಟಲಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು. ಬಾಗಿಲಲ್ಲಿ ಮಾಂತು ಮೊಸರಿನ ಪ್ಯಾಕೆಟ್ ಹಿಡಿದು ನಿಂತಿದ್ದ.

ನಾನು ಎಲ್ಲ ಹೇಳಿದೆ. ಸೂಸಲದ ಪ್ಲೇಟಿನಿಂದ ಬಾಲ್ಕನಿಯ ತನಕ ಒಂದನ್ನೂ ಬಿಡಲಿಲ್ಲ. ಅವನು ಒಂದೇ ಪ್ರಶ್ನೆ ಕೇಳಿದ.

“ರಿಪೋರ್ಟು ಯಾವಾಗ ರೆಡಿ ಆಗಿತ್ತು?”

“ನೀವು ಬಂದ ದಿವಸ. ಹತ್ತು ನಿಮಿಷದಾಗ.”

ಅವನು ಮೊಸರನ್ನು ಕಟ್ಟೆಯ ಮೇಲಿಟ್ಟ. ಒಲೆ ಆರಿಸಿ, ಹೊತ್ತಿದ ರೊಟ್ಟಿಯನ್ನು ತೆಗೆದು ಬದಿಗಿಟ್ಟ. ಕಾಶವ್ವ ನನ್ನ ಕಡೆ ನೋಡಲಿಲ್ಲ. “ಉಂಡು ಹೋಗಲಿ ಆಕಿ,” ಎಂದು ಮಗನಿಗೆ ಹೇಳಿ ದೇವರ ಕೋಣೆಗೆ ಹೋದರು. ಉಣ್ಣಲು ನನ್ನಿಂದ ಆಗಲಿಲ್ಲ.

ಸ್ಟೇಷನ್ನಿಗೆ ಬಿಡಲು ಅವನು ಬೈಕ್ ತೆಗೆದ. ಬೇಡ, ರಿಕ್ಷಾ ಹಿಡಿಯುತ್ತೇನೆ ಎಂದರೂ ಕೇಳಲಿಲ್ಲ. ದಾರಿಯಲ್ಲಿ ಹಿಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅವನ ಹೆಗಲು ಮುಟ್ಟಲಿಲ್ಲ. ಪ್ಲ್ಯಾಟ್‌ಫಾರ್ಮಿನಲ್ಲಿ ಲೋಕಲ್ ಬರಲು ಇನ್ನೂ ಹತ್ತು ಹದಿನೈದು ನಿಮಿಷವಿತ್ತು. ಸಿಮೆಂಟಿನ ಬೆಂಚಿನ ಮೇಲೆ ನಾನು ಕೂತೆ, ಅವನು ನಿಂತ.

“ನಾಳೆ ಶಿವರುದ್ರಪ್ಪ ಕಾಕಾ ಮನಿಗೆ ಹೋಗಿ ಹೇಳ್ತೀನಿ. ಸೋಲಾಪುರಕ್ಕ ಹೋಗಿ ಆರತಿಗೂ ಹೇಳ್ತೀನಿ.”

“ಹೇಳಬ್ಯಾಡ್ರಿ.” ಮತ್ತೆ ‘ರಿ’ ಬಂದಿತ್ತು. “ಆಕಿ ಅಲ್ಲಿ ಸಂಸಾರ ಮಾಡಬೇಕಲಾ. ಖರೇ ತಿಳಿದು ಆಕಿ ಏನ್ ಮಾಡಬೇಕು?”

ತಪ್ಪೊಪ್ಪಿಕೊಂಡರೆ ಹಗುರಾಗುತ್ತದೆ ಎಂದು ಯಾರು ಹೇಳಿದರೋ ಕಾಣೆ. ಒಪ್ಪಿಕೊಳ್ಳಲೂ ಇನ್ನು ಜಾಗ ಉಳಿದಿರಲಿಲ್ಲ.

“ನಂಗ ನೀವು ಬೇಕಾಗಿದ್ರಿ,” ಎಂದೆ. “ಬ್ಯಾರೆ ಏನೂ ಕಾರಣ ಇಲ್ಲ. ಆಕಿ ಕೇಳಿದಾಗ ನಿಜ ಹೇಳಿದ್ರ ನೀವು ಆಕಿ ಕಡೆ ಹೋಗ್ತಿದ್ರಿ.”

ಎದುರಿನ ಪ್ಲ್ಯಾಟ್‌ಫಾರ್ಮಿನಲ್ಲಿ ಒಂದು ಗೂಡ್ಸ್ ಗಾಡಿ ನಿಧಾನ ಸಾಗಿಹೋಯಿತು. ಅದರ ಸದ್ದು ಮುಗಿದ ಮೇಲೆ ಅವನು ಮಾತಾಡಿದ.

“ಸಂಕ್ರಾಂತಿ ದಿನ ಎಳ್ಳು ಬೆಲ್ಲ ಕೊಡುವಾಗ ಅವ್ವಗ ನಿಮ್ಮ ಹೆಸರು ಹೇಳಿದ್ದೆ ರೀ. ಆರತಿ ಬಳಿ ಇಡಿಸಿಕೊಳ್ಳೂಕ್ಕಿಂತ ಒಂದ ತಿಂಗಳ ಮೊದಲ. ಆಕಿ ಆ ದಿನ ನಂಗ ಫೋನ್ ಮಾಡಿದ್ರೂ, ಅವರಪ್ಪ ಬಂದು ಕೈಮುಗಿದಿದ್ರೂ, ನಾ ಬ್ಯಾಡ ಅಂತಿದ್ದೆ. ನನ್ನ ಮನಸ್ಸು ಆಗಲೇ ನಿಮ್ಮ ಕಡೆ ಆಗಿತ್ತು.” ಅವನು ನನ್ನ ಕಡೆ ತಿರುಗಿದ. “ನೀವು ಆಕಿಗೆ ಆ ಸುಳ್ಳು ಹೇಳೂ ಗರಜ ಇರ್ಲಿಲ್ಲ.”

ಎಲ್ಲರ ಬಗ್ಗೆ ಎಲ್ಲವನ್ನೂ ಹುಡುಕುವ ನಾನು ಅವನನ್ನು ಒಂದು ಮಾತು ಕೇಳಿರಲಿಲ್ಲ.

“ಈಗ?” ಎಂದೆ.

“ಮೊದಲನೇದು ನಾ ಮರೀಬಹುದು. ಮನುಷ್ಯಾರ ಕಡೆಯಿಂದ ತಪ್ಪ ಆಗ್ತದ. ಆದ್ರ ನಮ್ಮ ಮನ್ಯಾಗ ನೀವು ಬಳಿ ಸಪ್ಪಳ ಮಾಡಿಕೋತ ಓಡಾಡಿದಾಗೆಲ್ಲಾ ನಂಗ ಆಕಿ ನೆನಪಾಗ್ತಾಳ. ಆಕಿ ಮ್ಯಾಲಿನ ಪ್ರೀತಿ ಅಲ್ಲ ಅದು, ಆಕಿಗೆ ಮಾಡಿದ ಪಾಪ. ಅದನ್ನ ಇಟಗೊಂಡು ಹೆಂಗ ಸಂಸಾರ ಮಾಡೂದ್ರಿ?”

ಅವನ ಕಣ್ಣು ತುಂಬಿತ್ತು. ನನ್ನ ಮೇಲಿನ ಪ್ರೀತಿ ಅದರಲ್ಲಿ ಹಾಗೇ ಇತ್ತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಲೋಕಲ್ ಬಂತು. ಲೇಡೀಸ್ ಡಬ್ಬಿ ಸರಿಯಾಗಿ ನಮ್ಮ ಮುಂದೆ ನಿಂತಿತು. ಸಂಜೆಯ ಶಿಫ್ಟಿನ ಹೆಂಗಸರು ತಳ್ಳಾಡುತ್ತ ಇಳಿದರು. ಅವನು ಅವರಿಗೆ ಅಡ್ಡವಾಗಿ ನಿಂತು ನನಗೆ ದಾರಿ ಮಾಡಿದ.

“ಹತ್ರಿ,” ಎಂದ.

ಹತ್ತಿದೆ.